ಕೌಡೂರು ಸದಾನಂದ ಹೆಗ್ಡೆಯವರನ್ನು ನೆನೆಯುತ್ತ



ನಮ್ಮ ದೆಹಲಿಯ ಹೈಕೋರ್ಟು 1966ರ ಅಕ್ಟೋಬರ್ 31ರಂದು ಆರಂಭವಾಯಿತು. ಅಂದು ಪ್ರಮಾಣವಚನ ಸ್ವೀಕರಿಸಿದ ಮೊದಲ ಮುಖ್ಯ ನ್ಯಾಯಮೂರ್ತಿ ಕಾರ್ಕಳ ತಾಲ್ಲೂಕಿನ ಕೌಡೂರಿನವರು, ಕೆ.ಎಸ್. ಹೆಗ್ಡೆ. ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಗೊತ್ತಿಲ್ಲದಿದ್ದರೆ ತಪ್ಪು ಮಕ್ಕಳದಲ್ಲ, ಹೇಳದೇ ಹೋದ ದೊಡ್ಡವರದು. ಅದಕ್ಕೇ ಇವತ್ತಿನ ಮಾತು ಅವರ ಬಗ್ಗೆ.

1909ರಲ್ಲಿ ಹುಟ್ಟಿದ ಹೆಗ್ಡೆ ಮಂಗಳೂರು, ಮದರಾಸುಗಳಲ್ಲಿ ಓದಿ ವಕೀಲರಾದರು, ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರೂ ಆದರು. 1952ರಲ್ಲಿ ಮದರಾಸು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದರು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಐದು ವರ್ಷ ಕಾಂಗ್ರೆಸ್ ಸಂಸದರಾಗಿದ್ದು, 1957ರಲ್ಲಿ ಸದಸ್ಯತ್ವ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅಲ್ಲಿಂದ ದೆಹಲಿಗೆ, 1967ರಲ್ಲಿ ಸುಪ್ರೀಂ ಕೋರ್ಟಿಗೆ.

ಒಂದು ಪಕ್ಷದ ಸಂಸದ ನೇರವಾಗಿ ನ್ಯಾಯಪೀಠಕ್ಕೆ ಹೋಗಬಹುದೇ ಎಂದು ಇವತ್ತೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಆ ವ್ಯಕ್ತಿ ಬರೆದ ತೀರ್ಪುಗಳಲ್ಲಿ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಹೆಗ್ಡೆಯವರ ಮಟ್ಟಿಗೆ ಹೇಳುವುದಾದರೆ, ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದನ್ನು ಕಂಡಿದ್ದೇ ಅವರಿಗೆ ಬಲವಾಯಿತು.

ಸುಪ್ರೀಂ ಕೋರ್ಟಿನ 1969ರ ಕ್ರೈಪಾಕ್ ಪ್ರಕರಣ ನೋಡಿ. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಿತ್ತು. ಆರಿಸುವ ಮಂಡಳಿಯಲ್ಲಿ ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಕುಳಿತಿದ್ದರು. ಆರಿಸಿಕೊಳ್ಳಬೇಕಾದವರ ಸಾಲಿನಲ್ಲೂ ಅವರೇ ಇದ್ದರು! ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋದರಂತೆ. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಅಲ್ಲೇ ಇದ್ದರು. ಇದು ಆಡಳಿತದ ಕೆಲಸ, ಕೋರ್ಟಿನ ವಿಚಾರಣೆಯಲ್ಲ, ಆದ್ದರಿಂದ ತನ್ನ ವಿಷಯಕ್ಕೆ ತಾನೇ ತೀರ್ಪುಗಾರನಾಗಬಾರದೆಂಬ ಸಹಜ ನ್ಯಾಯದ ನಿಯಮ ಇಲ್ಲಿಗೆ ಬರುವುದಿಲ್ಲ ಎಂದು ಸರ್ಕಾರ ವಾದಿಸಿತು. ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆ ಒಪ್ಪಲಿಲ್ಲ. ಆಡಳಿತದ ಅಧಿಕಾರಕ್ಕೂ ಅರೆನ್ಯಾಯಿಕ ಅಧಿಕಾರಕ್ಕೂ ನಡುವಿನ ಗೆರೆ ತೆಳುವಾಗಿದೆ, ಅಳಿಸಿಹೋಗುತ್ತಲೂ ಇದೆ ಎಂದರು. ಆಯ್ಕೆಯನ್ನೇ ರದ್ದು ಮಾಡಿದರು. ನಿಮ್ಮಲ್ಲಿ ಬಹಳ ಮಂದಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದವರು. ಬಡ್ತಿಯ ಕಡತ ಯಾರ ಮೇಜಿನ ಮೇಲೆ ಯಾಕೆ ನಿಲ್ಲುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಡತಕ್ಕೂ ನ್ಯಾಯದ ಕಟ್ಟುಪಾಡು ಉಂಟೆಂದು ಸ್ಪಷ್ಟವಾಗಿ ಸಾರಿದ ತೀರ್ಪು ಅದು.

ಇನ್ನು 1973ರ ಏಪ್ರಿಲ್. ಕೇಶವಾನಂದ ಭಾರತಿ ಪ್ರಕರಣ ಎಲ್ಲರೂ ಕೇಳಿದ್ದೀರಿ. ಅರ್ಜಿ ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಗಿತ್ತು. ಹಾಗಾಗಿ ಮಠದ ಜಮೀನು ಕೇರಳದ ಭೂಸುಧಾರಣಾ ಕಾಯ್ದೆಗೆ ಸಿಕ್ಕಿತು, ಎದುರು ಕಕ್ಷಿಯಾಗಿ ಕೇರಳ ಸರ್ಕಾರ ನಿಂತಿತು. ವಾದ ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳು, 68 ದಿನ ವಾದ. ಏಪ್ರಿಲ್ 24ರಂದು ಏಳು-ಆರರ ಬಹುಮತದಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ತೀರ್ಪು ಬಂತು. ಆ ಏಳು ಮಂದಿಯಲ್ಲಿ ಹೆಗ್ಡೆ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯವರೊಂದಿಗೆ ಸೇರಿ ಬರೆದ ಅಭಿಪ್ರಾಯದಲ್ಲಿ ಅವರು ಮೂಲ ಸ್ವರೂಪ ಎಂದರೇನೆಂದು ಹೇಳುವಾಗ, ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯಗಳ ಜೊತೆಗೆ ಕಲ್ಯಾಣರಾಜ್ಯ ಕಟ್ಟುವ ಹೊಣೆಯನ್ನೂ ಸೇರಿಸಿದರು. ಈ ನ್ಯಾಯಮೂರ್ತಿಗಳು ಜಮೀನ್ದಾರರ ಪರ ಎಂದು ಆಗ ಹರಡಿದ ಮಾತಿಗೆ ಈ ಒಂದು ಅಂಶ ಸಾಕಷ್ಟು ಉತ್ತರ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ತೀರ್ಪಿನ ಮರುದಿನವೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಪ್ರಕಟಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಜ್ಯೇಷ್ಠತೆಯ ಕ್ರಮ ಉಳಿದಿದ್ದರೆ ಶೆಲತ್ ಅವರು ಜುಲೈನಲ್ಲಿ ನಿವೃತ್ತರಾದ ಮೇಲೆ ಹೆಗ್ಡೆಯವರ ಸರದಿ. 1974ರ ಜೂನ್‌ವರೆಗೆ ಅವರು ಈ ದೇಶದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಸುಮ್ಮನೆ ಮುಂದುವರಿದಿದ್ದರೆ ನಿವೃತ್ತಿಯವರೆಗೆ ಸಂಬಳ, ಬಂಗಲೆ, ಗೌರವ ಎಲ್ಲವೂ ಇದ್ದವು. ಬಿಟ್ಟು ಹೊರಟರು. ಇನ್ನೊಂದು ಸಂಗತಿಯನ್ನು ದೆಹಲಿಯವರಾದ ನಾವು ತಿಳಿದಿರಬೇಕು. 1966ರಲ್ಲಿ ಇಲ್ಲಿಯ ಹೈಕೋರ್ಟಿನಲ್ಲಿ ಹೆಗ್ಡೆಯವರ ಜೊತೆ ಕುಳಿತ ಮೊದಲ ತಂಡದಲ್ಲಿ ಎಚ್.ಆರ್. ಖನ್ನಾ ಕೂಡ ಇದ್ದರು. ತುರ್ತು ಪರಿಸ್ಥಿತಿಯಲ್ಲಿ ಒಂಟಿಯಾಗಿ ಭಿನ್ನ ತೀರ್ಪು ಕೊಟ್ಟ ಅವರನ್ನೂ 1977ರಲ್ಲಿ ದಾಟಲಾಯಿತು, ಅವರೂ ರಾಜೀನಾಮೆ ಕೊಟ್ಟರು. ನಾಲ್ವರಿಂದ ಶುರುವಾದ ಒಂದು ಹೈಕೋರ್ಟಿನಿಂದ ಇಂಥ ಇಬ್ಬರು!

1977ರಲ್ಲಿ ಹೆಗ್ಡೆ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ, ಅದರಲ್ಲಿ ಇದೊಂದು. ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು, 1980ರ ಜನವರಿವರೆಗೆ ಆ ಪೀಠದಲ್ಲಿದ್ದರು. ನೋಡಿ, ಇವರು ಮೊದಲಿನಿಂದಲೂ ರಾಜಕಾರಣಿಯೇ ಎಂದು ಟೀಕಿಸುವವರಿಗೆ ಇಲ್ಲಿ ಎಡೆ ಸಿಕ್ಕಿತು. ನಾನು ಹಾಗೆ ನೋಡುವುದಿಲ್ಲ. ಅವರು ಕೋರ್ಟು ಬಿಟ್ಟು ನಾಲ್ಕು ವರ್ಷವಾಗಿತ್ತು. ಲೋಕಸಭೆಗೆ ಬಂದದ್ದು ಯಾವ ಸರ್ಕಾರದ ನೇಮಕದಿಂದಲೂ ಅಲ್ಲ, ಜನರ ಮುಂದೆ ನಿಂತು ಮತ ಕೇಳಿ. ಯಾವ ಸರ್ಕಾರದ ಪರ ತೀರ್ಪು ಕೊಟ್ಟರೋ ಅದರ ಕೈಯಿಂದಲೇ ಹುದ್ದೆ ಪಡೆಯುವುದು ಬೇರೆ, ಇದು ಬೇರೆ. ಈ ವ್ಯತ್ಯಾಸವನ್ನು ನಾವು ಮಸುಕಾಗಲು ಬಿಡಬಾರದು.

ಊರಿನ ಕಡೆಗೂ ಅವರು ಬೆನ್ನು ಹಾಕಲಿಲ್ಲ. 1979ರಲ್ಲಿ ನಿಟ್ಟೆಯಲ್ಲಿ ಅವರು ಆರಂಭಿಸಿದ ವಿದ್ಯಾಸಂಸ್ಥೆ ಈಗ ವಿಶ್ವವಿದ್ಯಾಲಯವಾಗಿ ಬೆಳೆದಿದೆ. 1990ರಲ್ಲಿ ಅವರು ತೀರಿಕೊಂಡರು.

ದೆಹಲಿಯ ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಕೋರಿಕೆ. ನಮ್ಮ ಮನೆಗಳಲ್ಲಿ ಕಾನೂನು ಓದುವ ಹುಡುಗ ಹುಡುಗಿಯರು ಈಗ ಸಾಕಷ್ಟಿದ್ದಾರೆ. ಬರುವ ವರ್ಷ ಒಂದು ಭಾನುವಾರ ಅವರನ್ನು ಕೂರಿಸಿ ಕ್ರೈಪಾಕ್ ತೀರ್ಪನ್ನು ಕನ್ನಡದಲ್ಲಿ ಓದಿ ಚರ್ಚಿಸೋಣ. ಅದು ಬಹಳ ಉದ್ದದ್ದಲ್ಲ, ಒಂದೇ ಬೆಳಗ್ಗೆ ಮುಗಿಯುತ್ತದೆ. ದಿನ ನೀವು ಗೊತ್ತುಮಾಡಿ, ಪ್ರತಿಗಳನ್ನು ನಾನು ತರುತ್ತೇನೆ.