ಅಕ್ಷರದ ಗುಹೆಯಲ್ಲಿ

ನನಗೆ ಕಣ್ಣು ಕಾಣುವುದಿಲ್ಲ. ಮೂವತ್ತನೆಯ ವಯಸ್ಸಿನವರೆಗೆ ಕಾಣುತ್ತಿತ್ತು. ಆಮೇಲೆ ಗ್ಲಾಕೋಮಾ ಎಂಬ ಕಾಯಿಲೆ ದೃಷ್ಟಿಯನ್ನು ಅಂಚಿನಿಂದ ಒಳಕ್ಕೆ ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಕೇಳುತ್ತಿರುವ ನಿಮಗೆ ನನ್ನ ಮುಖ ಕಾಣದು, ನನಗೆ ನಿಮ್ಮದು ಕಾಣದು. ಆದ್ದರಿಂದ ಈ ಹತ್ತು ನಿಮಿಷ ನಾವು ಸಮಾನರು. ನಾನು ಹೇಳಹೊರಟಿರುವುದೂ ಇಂಥದೇ ಒಂದು ಸಮಾನತೆಯ ವಿಷಯ. ಅದು ನನಗೆ ಸಿಕ್ಕಿದ್ದು ಕಂಪ್ಯೂಟರಿನ ಹಳೆಯದೊಂದು ಆಟದಲ್ಲಿ.

ಕಳೆದ ಬೇಸಗೆಯ ರಜೆಯಲ್ಲಿ ಅಣ್ಣನ ಮಗ ನಮ್ಮ ಮನೆಗೆ ಬಂದಿದ್ದ. ಕಾಲೇಜಿನಲ್ಲಿ ಓದುವ ಹುಡುಗ. ಅವನಾಡುವ ಆಟಗಳಲ್ಲಿ ಓಡುವ ಕುದುರೆಯ ಮೈಮೇಲಿನ ಬೆವರು ಕೂಡ ಕಾಣುತ್ತದಂತೆ. ನಾನೇನು ಆಡುತ್ತೇನೆಂದು ಕೇಳಿದ, ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಚಿಕ್ಕಪ್ಪ, ಇದರಲ್ಲಿ ಏನೂ ಇಲ್ಲವಲ್ಲ, ಬರೀ ಅಕ್ಷರ!" ಎಂದ.

ನಿಜ, ಬರೀ ಅಕ್ಷರ. ಆಟದ ಹೆಸರು ‘ಅಡ್ವೆಂಚರ್’. ‘ಕೊಲಾಸಲ್ ಕೇವ್’ ಎಂದೂ ಕರೆಯುವುದುಂಟು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಿಲ್ ಕ್ರೌಥರ್ ಎಂಬಾತ 1975-76ರ ಸುಮಾರಿಗೆ ಇದನ್ನು ಬರೆದ. ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟನ್ನು ಕಟ್ಟಿದವರಲ್ಲಿ ಅವನೊಬ್ಬ. ಬಿಡುವಿನಲ್ಲಿ ಅವನೂ ಹೆಂಡತಿ ಪೆಟ್ರೀಷಿಯಾಳೂ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ, ಅಳೆದು, ನಕ್ಷೆ ಮಾಡುತ್ತಿದ್ದರು. ಫ್ಲಿಂಟ್ ರಿಜ್ಜಿನ ಗುಹೆಗಳು ಒಳಗೊಳಗೇ ಮ್ಯಾಮತ್ ಗುಹೆಯನ್ನು ಕೂಡಿಕೊಂಡಿವೆಯೆಂದು 1972ರಲ್ಲಿ ಕಂಡುಹಿಡಿದ ಸಾಹಸದಲ್ಲಿ ಆಕೆಯ ಪಾಲೂ ಇತ್ತು. ಆಮೇಲೆ ಅವರ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳು ತನ್ನಲ್ಲಿಗೆ ಬಂದಾಗ ಆಡಲಿ ಎಂದು ಕ್ರೌಥರ್ ತಾನು ಬಲ್ಲ ಗುಹೆಯನ್ನೇ ಕಂಪ್ಯೂಟರಿನೊಳಗೆ ತಂದಿಟ್ಟ. ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ 1977ರಲ್ಲಿ ಅದನ್ನು ಬೆಳೆಸಿ, ಇನ್ನಷ್ಟು ನಿಧಿಗಳನ್ನೂ ತಂಟೆಗಳನ್ನೂ ತುಂಬಿದ.

ಆಗ ಅನೇಕರ ಬಳಿ ಪರದೆಯೇ ಇರಲಿಲ್ಲ. ಕಾಗದದ ಮೇಲೆ ಸಾಲುಸಾಲಾಗಿ ಟಕಟಕನೆ ಅಚ್ಚೊತ್ತುವ ಟೆಲಿಪ್ರಿಂಟರಿನಂಥ ಯಂತ್ರವಿತ್ತು. ಚಿತ್ರ ತೋರಿಸುವ ದಾರಿಯೇ ಇಲ್ಲದ್ದರಿಂದ ಗುಹೆಯನ್ನು ಮಾತಿನಲ್ಲಿ ಕಟ್ಟಬೇಕಾಯಿತು. ಮೊದಲಿಗೆ ಇಟ್ಟಿಗೆಯದೊಂದು ಪುಟ್ಟ ಮನೆ. ಒಳಗೆ ಬೀಗದ ಕೈಗಳು, ದೀಪ, ತಿಂಡಿ, ನೀರು. ಹೊರಗಿನ ತೊರೆಯ ಗುಂಟ ಇಳಿದರೆ ಕಬ್ಬಿಣದ ಜಾಲರಿ ಮುಚ್ಚಿದ ಕಂಡಿ. ನಾವು ‘ದೀಪ ತೆಗೆದುಕೊ’, ‘ಕೆಳಗೆ ಹೋಗು’ ಎಂದು ಇಂಗ್ಲಿಷಿನಲ್ಲಿ ಒತ್ತಬೇಕು; ಅದು ಮುಂದಿನ ಜಾಗವನ್ನು ವರ್ಣಿಸುತ್ತದೆ. ಎರಡು ಪದ ಮೀರಿದರೆ ಅದಕ್ಕೆ ತಿಳಿಯದು. ಪದದಲ್ಲಿಯೂ ಮೊದಲ ಐದು ಅಕ್ಷರಗಳಾಚೆ ನೋಡುವ ಗೊಡವೆಗೆ ಹೋಗದು. ಇಷ್ಟು ಮಿತಭಾಷಿಯಾದ ಸಂಗಾತಿಯೊಡನೆ ರಾತ್ರಿಗಟ್ಟಲೆ ಕಳೆಯಬಹುದೆಂದು ನಾನು ಎಣಿಸಿರಲಿಲ್ಲ.

ನನಗೆ ಇದನ್ನು ಓದಿ ಹೇಳುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ. ಪರದೆಯ ಮೇಲಿನ ಅಕ್ಷರಗಳನ್ನು ಹೆಕ್ಕಿ ಯಂತ್ರದ ದನಿಗೆ ಕೊಡುವುದು ಅದರ ಕೆಲಸ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯ ಗಣಿತಜ್ಞ ಜಿಮ್ ಥ್ಯಾಚರ್ ಅಂಥದೊಂದನ್ನು ಸಿದ್ಧಪಡಿಸಿದ; ಅವನ ಸಹೋದ್ಯೋಗಿ ಜೆಸ್ಸಿ ರೈಟ್ ಅಂಧನಾಗಿದ್ದ. ಅಂದಿನ ಯಂತ್ರಗಳಲ್ಲಿ ಪರದೆಯ ಪ್ರತಿ ಅಕ್ಷರವೂ ಸ್ಮೃತಿಕೋಶದಲ್ಲಿ ಅಕ್ಷರವಾಗಿಯೇ ಕುಳಿತಿರುತ್ತಿತ್ತು. ಎತ್ತಿ ಓದಿದರೆ ಆಯಿತು. ಕಿಟಕಿಗಳೂ ಚಿತ್ರಗಳೂ ಬಂದ ಮೇಲೆ ಪರದೆಯೆಂಬುದು ಚುಕ್ಕೆಗಳ ರಾಶಿಯಾಗಿ ಕೆಲಸ ತೊಡಕಾಯಿತು. ನಾನು ಬಳಸುವ ಎನ್‌ವಿಡಿಎಯನ್ನು ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ಆರಂಭಿಸಿದ. ಜೇಮ್ಸ್ ಟೆ ಅವನ ಜೊತೆಗೂಡಿದ. ಇಬ್ಬರೂ ಅಂಧರು, ತಂತ್ರಾಂಶ ಉಚಿತ. ಅದರೊಡನೆ ಬರುವ ದನಿಗೆ ಕನ್ನಡವೂ ಬರುತ್ತದೆ, ಆದರೆ ನನ್ನ ಗುಹೆಗೆ ಬಾರದು. ಆ ದನಿಯನ್ನು ನಾನು ಬಲು ವೇಗವಾಗಿ ಓಡಿಸುತ್ತೇನೆ. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆಂದು ನನ್ನ ಹೆಂಡತಿಯ ದೂರು.

ಈ ಆಟಗಳಲ್ಲಿ ಕತ್ತಲೆ ದೊಡ್ಡ ಶತ್ರು. ದೀಪ ಹೊತ್ತಿಸದೆ ಒಳಹೊಕ್ಕರೆ ವರ್ಣನೆ ನಿಂತುಹೋಗುತ್ತದೆ. ಮುಂದೆ ಹೆಜ್ಜೆಯಿಟ್ಟರೆ ಗುಂಡಿಗೆ ಬೀಳುವೆ ಎಂಬ ಎಚ್ಚರಿಕೆ ಬರುತ್ತದೆ. ಈ ಆಟದಿಂದ ಸ್ಫೂರ್ತಿಗೊಂಡು ಎಂಐಟಿಯ ನಾಲ್ವರು 1977ರಲ್ಲಿ ‘ಜೋರ್ಕ್’ ಎಂಬುದನ್ನು ಬರೆಯತೊಡಗಿದರು. ಅಲ್ಲಿಯೂ ಮೊದಮೊದಲು ಗುಂಡಿಗಳೇ. ಅಟ್ಟದ ಮೇಲೆ ಕತ್ತಲೆಯಲ್ಲಿ ನಡೆದವನೂ ತಳವಿಲ್ಲದ ಗುಂಡಿಗೆ ಬೀಳುತ್ತಿದ್ದ! ಅಟ್ಟದಲ್ಲಿ ಗುಂಡಿಯೆಲ್ಲಿಂದ ಬಂತು ಎಂಬ ಆಕ್ಷೇಪಣೆ ಎದ್ದ ಮೇಲೆ, ಡೇವ್ ಲೆಬ್ಲಿಂಗ್ ಗುಂಡಿಗಳ ಬದಲಿಗೆ ಕತ್ತಲೆಯಲ್ಲಿ ಮನುಷ್ಯರನ್ನು ತಿನ್ನುವ ‘ಗ್ರೂ’ ಎಂಬ ಪ್ರಾಣಿಯನ್ನು ತಂದುಬಿಟ್ಟ.

ಮೊದಲ ಸಲ ಈ ಎಚ್ಚರಿಕೆ ಕೇಳಿದಾಗ ನನಗೆ ನಗು ಬಂತು. ಎಷ್ಟೋ ವರ್ಷದಿಂದ ದೀಪ ಹಾಕದೆ ಅಡಿಗೆಮನೆಗೆ ಹೋಗಿ ಬರುತ್ತಿದ್ದೇನೆ. ಇದುವರೆಗೆ ಯಾರೂ ನನ್ನನ್ನು ತಿಂದಿಲ್ಲ. ಆದರೆ ಗುಹೆಯೊಳಗೆ ದೀಪದ ಬ್ಯಾಟರಿ ಮುಗಿದ ದಿನ ನಗು ಬರಲಿಲ್ಲ. ಅಷ್ಟು ಹೊತ್ತು ಬಂಡೆ, ಮಂಜು, ನೀರಿನ ಸದ್ದು ಎಂದು ಹೇಳುತ್ತಿದ್ದ ದನಿ ತಟಕ್ಕನೆ ಬಾಯಿ ಮುಚ್ಚಿತು. ಕೋಣೆಯಲ್ಲಿ ಮಾತನಾಡುತ್ತಿದ್ದವರು ಹೇಳದೆ ಎದ್ದುಹೋಗಿ, ನಾನು ಖಾಲಿ ಕುರ್ಚಿಯೊಡನೆ ಮಾತನಾಡುತ್ತಿದ್ದೆನೆಂದು ತಿಳಿದಾಗ ಆಗುವ ಅನುಭವ ಅದು. ಕತ್ತಲೆಯೆಂದರೆ ನನಗೆ ಅದೇ. ಕಣ್ಣಿದ್ದ ಹುಡುಗನಿಗೂ ಅಂದು ಕಾಣಿಸಿದ್ದು ಆ ಒಂದು ಸಾಲು ಎಚ್ಚರಿಕೆ ಮಾತ್ರ.

ಇದಕ್ಕಿಂತ ಸ್ವಾರಸ್ಯವಾದದ್ದು ಗುಹೆಯೊಳಗಿನ ಚಕ್ರವ್ಯೂಹ. ಅಲ್ಲಿ ಯಾವ ಮೂಲೆಗೆ ಹೋದರೂ ಅದೇ ಒಂದು ವಾಕ್ಯ. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಹೊರಟ ಜಾಗಕ್ಕೆ ಬರುತ್ತೇವೆಂಬ ನೆಚ್ಚಿಕೆಯಿಲ್ಲ. ಹುಡುಗ ಕಾಗದ ತೆಗೆದು ಚೌಕಗಳನ್ನು ಬರೆಯತೊಡಗಿದ. ಬರೆದ, ಹರಿದ, ಮತ್ತೆ ಬರೆದ. ನಾನು ಕೈಯಲ್ಲಿದ್ದ ಸಾಮಾನುಗಳನ್ನು ಒಂದೊಂದು ಜಾಗದಲ್ಲಿ ಒಂದೊಂದಾಗಿ ಬಿಟ್ಟುಬಂದೆ: ಇಲ್ಲಿ ಬೀಗದ ಕೈ, ಅಲ್ಲಿ ಬಾಟಲಿ, ಆಚೆ ಹಕ್ಕಿಯ ಪಂಜರ. ಇದು ನನ್ನ ಜಾಣತನವೇನೂ ಅಲ್ಲ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೂ ಸಕ್ಕರೆಯ ಡಬ್ಬಿಗೂ ಆಕಾರದಲ್ಲಿ ಭೇದವಿಲ್ಲ. ಉಪ್ಪಿನದಕ್ಕೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಒಂದೇ ತೆರನಾದವುಗಳ ನಡುವೆ ಗುರುತಿಟ್ಟು ಬದುಕುವುದು ನನಗೆ ದಿನದ ಪಾಠ. ಅರ್ಧ ಗಂಟೆಯಲ್ಲಿ ನಾನು ಹೊರಗೆ ಬಂದೆ. ಅವನು ಊಟಕ್ಕೆ ಕರೆದಾಗಲೂ ಒಳಗೇ ಇದ್ದ.

ಇಲ್ಲಿ ಒಂದು ಮಾತು ಹೇಳಬೇಕು. ದೃಷ್ಟಿ ಹೋದ ಮೇಲೆ ನಾನು ಮನೆಯವರೊಡನೆ ಇಸ್ಪೀಟು ಆಡಿದ್ದೇನೆ, ಕೇರಂ ಆಡಿದ್ದೇನೆ. ಯಾರಾದರೂ ಪಕ್ಕದಲ್ಲಿ ಕುಳಿತು ನೋಡಿ ಹೇಳಬೇಕು. ಸೋತರೆ ಅಯ್ಯೋ ಪಾಪ ಎಂಬ ಮೌನ. ಗೆದ್ದರೆ ಬೇಕೆಂದೇ ಗೆಲ್ಲಿಸಿದರೋ ಏನೋ ಎಂಬ ಅನುಮಾನ. ಎಷ್ಟೋ ವರ್ಷಗಳ ಮೇಲೆ ಒಬ್ಬರು ನನ್ನೆದುರು ಕೃಪೆಯಿಲ್ಲದೆ ಸೋತದ್ದು ಆ ದಿನ.

ಅಕ್ಷರವೆಂದ ಮಾತ್ರಕ್ಕೆ ಎಲ್ಲವೂ ನಮಗೆ ಒದಗುತ್ತದೆಂದಲ್ಲ. 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ‘ರೋಗ್’ ಎಂಬ ಆಟವೂ ಅಕ್ಷರಗಳದೇ. ಅಲ್ಲಿ ನೆಲಕ್ಕೆ ಚುಕ್ಕೆ, ಗೋಡೆಗೆ ಗೀಟು, ಆಟಗಾರನಿಗೆ ಇ-ಮೇಲ್ ವಿಳಾಸದ ನಡುವೆ ಬರುವ ಸುರುಳಿ, ರಾಕ್ಷಸರಿಗೆ ದೊಡ್ಡಕ್ಷರ. ಕಣ್ಣಿಗೆ ಅದು ಕೋಣೆ. ನನ್ನ ಯಂತ್ರ ಮಾತ್ರ ‘ಚುಕ್ಕೆ ಚುಕ್ಕೆ ಗೀಟು ಚುಕ್ಕೆ’ ಎಂದು ಜಪಿಸುತ್ತದೆ. ಅಕ್ಷರವನ್ನು ಚಿತ್ರದ ಕೂಲಿಗೆ ಹಚ್ಚಿದಲ್ಲಿ ನಾನು ಹೊರಗಿನವನು. ‘ಜೋರ್ಕ್’ ಮೊದಲಾದವನ್ನು ಮನೆಮನೆಗೆ ಮುಟ್ಟಿಸಿದ ಇನ್ಫೋಕಾಮ್ ಪೆಟ್ಟಿಗೆಯೊಳಗೆ ಕಾಗದಗಳನ್ನೂ ಇಡುತ್ತಿತ್ತು. 1982ರ ‘ಸ್ಟಾರ್‌ಕ್ರಾಸ್’ನಲ್ಲಿ ಮುಂದೆ ಸಾಗಬೇಕಾದರೆ ಜೊತೆಗೆ ಕೊಟ್ಟ ನಕ್ಷತ್ರಪಟವನ್ನು ನೋಡಲೇಬೇಕು. 1986ರ ಇನ್ನೊಂದು ಆಟದ ಪೆಟ್ಟಿಗೆಯಲ್ಲಿ ಉಜ್ಜಿದರೆ ವಾಸನೆ ಬರುವ ಕಾರ್ಡೊಂದಿತ್ತು. ಅದಕ್ಕಾದರೂ ಕಣ್ಣು ಬೇಡ, ಮೂಗು ಸಾಕು.

ಚಿತ್ರಗಳ ಆಟ ಬಂದಂತೆ ಕಣ್ಣುಳ್ಳವರು ಗುಹೆಯಿಂದ ಎದ್ದು ಹೋದರು. ಇನ್ಫೋಕಾಮ್ 1986ರಲ್ಲಿ ಬೇರೆಯವರ ಕೈಸೇರಿ 1989ರಲ್ಲಿ ಮುಚ್ಚಿತು. ಆದರೂ ಗ್ರಹಾಂ ನೆಲ್ಸನ್ 1993ರಲ್ಲಿ ಇಂಥ ಆಟಗಳನ್ನು ಬರೆಯಲು ‘ಇನ್ಫಾರ್ಮ್’ ಎಂಬ ಸಾಧನವನ್ನು ಕೊಟ್ಟ. 1995ರಿಂದ ವರ್ಷಕ್ಕೊಂದು ಸ್ಪರ್ಧೆಯೂ ನಡೆಯುತ್ತ ಬಂದಿದೆ. ಹೊಸ ಗುಹೆಗಳಿಗೇನೂ ಬರವಿಲ್ಲ. ನಾನು ಮಾತ್ರ ಹಳೆಯದರಲ್ಲಿಯೇ ಇದ್ದೇನೆ. ಒಟ್ಟು 350 ಅಂಕ; ನನಗಿನ್ನೂ ಪೂರ್ತಿ ದಕ್ಕಿಲ್ಲ.

ಹುಡುಗ ಹಾಸ್ಟೆಲಿಗೆ ಹೋಗುವಾಗ ಆಟವನ್ನು ತನ್ನ ಯಂತ್ರಕ್ಕೆ ಹಾಕಿಕೊಂಡು ಹೋದ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು ಬಂತು. "ಚಿಕ್ಕಪ್ಪ, ಆ ಕಡಲ್ಗಳ್ಳ ಬಂದು ನನ್ನ ನಿಧಿಯನ್ನೆಲ್ಲ ಎತ್ತಿಕೊಂಡು ಹೋದ. ಎಲ್ಲಿ ಬಚ್ಚಿಟ್ಟಿರುತ್ತಾನೆ?"

ನನಗೆ ಗೊತ್ತಿತ್ತು. ಹೇಳಲಿಲ್ಲ.