ಮೈದಾನಕ್ಕೆ ಬರುವ ಹುಡುಗಿಯರಿಗೆ, ಕಳಿಸುವ ಅಮ್ಮಂದಿರಿಗೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಕ್ಕಳು ಆಟದಲ್ಲಿ ಮುಂದೆ ಬರಬೇಕಾದರೆ ಏನು ಮಾಡಬೇಕು ಎಂದು ಮಾತಾಡಲು ಹೇಳಿದ್ದೀರಿ. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಆಟ, ಖೋ ಖೋ. ಊರಿನಲ್ಲಿ ಶಾಲೆಯ ಅಂಗಳದಲ್ಲಿ ನಾವೆಲ್ಲ ಆಡಿದ್ದೇ. ಈ ಆಟಕ್ಕೆ 1914ರಲ್ಲಿ ನಿಯಮಾವಳಿ ರೂಪಿಸಿದ್ದು ನಾವಿರುವ ಇದೇ ಪುಣೆಯ ಡೆಕ್ಕನ್ ಜಿಮ್ಖಾನಾ. ಹಾಗಾಗಿ ಇದು ತವರಿನ ಆಟವೂ ಹೌದು, ಬಂದು ನೆಲೆಸಿದ ಊರಿನ ಆಟವೂ ಹೌದು.

ಮೊದಲು ಮಕ್ಕಳಿಗೆ. ಜೋರಾಗಿ ಓಡಿದರೆ ಸಾಕು ಎಂದುಕೊಂಡು ಎಲ್ಲರೂ ಬರುತ್ತೀರಿ. ಆದರೆ ಖೋ ಖೋದಲ್ಲಿ ಗೆಲ್ಲುವುದು, ಸೋಲುವುದು ಕೂತಲ್ಲಿಂದ ಏಳುವುದರಲ್ಲಿ. ಬೆನ್ನಟ್ಟುವ ತಂಡದ ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತೀರಿ. ಬೆನ್ನಿಗೆ ಕೈ ತಾಗಿ 'ಖೋ' ಕೇಳಿಸಿದ ಕ್ಷಣ ಎದ್ದು ಓಡಬೇಕು. ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಸುತ್ತುವ ತನಕ ಹಿಂದೆ ತಿರುಗುವಂತಿಲ್ಲ. ಆದ್ದರಿಂದ ಕೂತಿರುವಾಗಲೇ ಕಣ್ಣು ಓಟಗಾರ್ತಿಯ ಮೇಲಿರಬೇಕು. ದಿನಕ್ಕೆ ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ ಎದ್ದು ಐದೇ ಹೆಜ್ಜೆ ಓಡಿ. ಯಾವಾಗಲೂ ಬಲಕ್ಕೇ ಏಳುವ ಹುಡುಗಿಯನ್ನು ಎದುರಾಳಿಗಳು ಎರಡೇ ನಿಮಿಷದಲ್ಲಿ ಅಳೆದುಬಿಡುತ್ತಾರೆ.

ಖೋ ಕೊಡುವಾಗ ಕೈಯೂ ಬಾಯಿಯೂ ಒಟ್ಟಿಗೆ ಹೋಗಬೇಕು. ಅವಸರದಲ್ಲಿ ಬಾಯಿ ಮುಂದಾದರೆ ಫೌಲ್. ಫೌಲಾದರೆ ಎದುರು ದಿಕ್ಕಿಗೆ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಓಟಗಾರ್ತಿ ಉಸಿರು ತಿರುಗಿಸಿಕೊಂಡಿರುತ್ತಾಳೆ.

ಇನ್ನು ಓಡುವವರು. ಕೂತವರ ನಡುವೆ ನುಸುಳಿ ದಾಟುವ ಅವಕಾಶ ನಿಮಗಿದೆ, ಬೆನ್ನಟ್ಟುವವಳಿಗಿಲ್ಲ. ಹೀಗಿದ್ದೂ ಸುಮ್ಮನೆ ನೇರಕ್ಕೆ ಓಡಿ ಸುಸ್ತಾಗುವ ಮಕ್ಕಳೇ ಹೆಚ್ಚು. ಚಿಕ್ಕ ಹೆಜ್ಜೆ ಇಡಿ. ಬೆನ್ನಟ್ಟುವವಳ ಮುಖ ನೋಡಬೇಡಿ, ಭುಜ ನೋಡಿ. ಮುಖ ಮೋಸ ಮಾಡೀತು, ಭುಜ ಮಾಡುವುದಿಲ್ಲ.

ಕಂಬದ ಹತ್ತಿರ ಡೈವ್ ಹೊಡೆಯಲು ಎಲ್ಲರಿಗೂ ಆಸೆ. ಎಂಟನೇ ಕ್ಲಾಸಿನಲ್ಲಿ ಯಾರೂ ಹೇಳಿಕೊಡದೆ ಗಟ್ಟಿ ನೆಲದ ಮೇಲೆ ಡೈವ್ ಹೊಡೆದು ನಾನು ಮಣಿಕಟ್ಟು ಮುರಿದುಕೊಂಡವಳು. ಮೊದಲು ಮ್ಯಾಟಿನ ಮೇಲೆ ಮೊಣಕಾಲೂರಿ ಮುಂದಕ್ಕೆ ಬೀಳುವುದನ್ನು ಕಲಿಯಿರಿ. ಬೀಳಲು ಬಂದಮೇಲೆ ಹಾರಿ.

ಈಗ ಅಮ್ಮಂದಿರಿಗೆ. ನಾನು ಸಂಜೆ ಹೇಳಿಕೊಡುವ ಗುಂಪಿಗೆ ಐದನೇ, ಆರನೇ ಕ್ಲಾಸಿನ ಹುಡುಗಿಯರು ಬೇಕಾದಷ್ಟು ಬರುತ್ತಾರೆ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಆಟ ಕೈಗೆ ಹತ್ತುವುದೇ ಆ ವಯಸ್ಸಿನಲ್ಲಿ! ಕಳೆದ ವರ್ಷ ನನ್ನ ಅತ್ಯುತ್ತಮ ಓಟಗಾರ್ತಿ ಹೀಗೇ ನಿಂತುಹೋದಳು. ಫೋನ್ ಮಾಡಿದೆ. "ದೊಡ್ಡವಳಾದಳು ಮೇಡಂ, ಇನ್ನು ಸಾಕು" ಎಂದರು ಅವರಮ್ಮ.

ನನಗೆ ಸಿಟ್ಟು ಬರಲಿಲ್ಲ, ನನ್ನಮ್ಮನ ನೆನಪಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಜಿಲ್ಲಾ ತಂಡಕ್ಕೆ ನನ್ನ ಹೆಸರು ಬಂದಿತ್ತು, ಅಮ್ಮ ಕಳಿಸಲಿಲ್ಲ. ಬಹಳ ವರ್ಷ ಕೋಪವಿತ್ತು. ಆಮೇಲೆ ಅರ್ಥವಾಯಿತು, ಅಮ್ಮನಿಗೆ ಆಟ ಬೇಡವಾಗಿರಲಿಲ್ಲ. ಮೈದಾನದಲ್ಲಿ ಶೌಚಾಲಯವಿರಲಿಲ್ಲ, ಕತ್ತಲಾದ ಮೇಲೆ ಮನೆಗೆ ಕರೆತರುವವರಿರಲಿಲ್ಲ. ಅವಳ ಭಯಕ್ಕೆ ಕಾರಣವಿತ್ತು. ಆ ಕಾರಣ ಏನೆಂದು ಯಾರೂ ಕೇಳಲಿಲ್ಲ, ಅಷ್ಟೇ.

ಅದಕ್ಕೆ ನಾನು ಆ ಮನೆಗೆ ಹೋಗಿ ಕೇಳಿದೆ. ತೊಂದರೆ ಇದ್ದದ್ದು ಎರಡೇ: ಮುಟ್ಟಿನ ದಿನಗಳು, ಮತ್ತು ವಾಪಸು ಬರುವ ದಾರಿ. ಈಗ ಮೂವರು ತಾಯಂದಿರು ಸರದಿಯಲ್ಲಿ ಮಕ್ಕಳನ್ನು ಕರೆದೊಯ್ದು ಕರೆತರುತ್ತಾರೆ. ಆಟದ ಚೀಲದಲ್ಲಿ ಪ್ಯಾಡು, ಒಂದು ಜೊತೆ ಬಟ್ಟೆ ಸದಾ ಇರುತ್ತದೆ. ಆ ದಿನಗಳಲ್ಲಿ ಆಡಬೇಕೋ ಬೇಡವೋ ಎಂದು ಹುಡುಗಿಯೇ ಹೇಳುತ್ತಾಳೆ. ಇನ್ನೊಂದು ಮಾತು: ಬೇಗ ಸುಸ್ತಾಗುವ ಮಗಳನ್ನು ಸೋಮಾರಿ ಎನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಆಟಕ್ಕೆ ಹೊರಡುವ ಮುಂಚೆ ಒಂದು ಬಾಳೆಹಣ್ಣೋ, ಶೇಂಗಾ ಚಿಕ್ಕಿಯೋ ಕೊಡಿ. ಹಸಿದ ಹೊಟ್ಟೆಯಲ್ಲಿ ಕಾಲು ಏಳುವುದಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಆಕೆಯೂ ಒಂದು ಕಾಲಕ್ಕೆ ಎಂಟನೇ ಕ್ಲಾಸಿನ ಹುಡುಗಿಯೇ ಆಗಿದ್ದವರು ಎಂಬುದನ್ನು ಮರೆಯಬೇಡಿ.

ನಿಮ್ಮ ಮಗಳು ಕಪ್ ಗೆಲ್ಲಲೇಬೇಕು ಎಂದು ನಾನು ಹೇಳುತ್ತಿಲ್ಲ. ಆಟ ಬಿಡುವುದಾದರೆ ತನಗೆ ಬೇಡವೆನಿಸಿ ಬಿಡಲಿ, ದಾರಿಯಿಲ್ಲದೆ ಬಿಡುವುದು ಬೇಡ. ನಾನು ಹೇಳಿದ ಆ ಹುಡುಗಿ ಈಗ ವಾರಕ್ಕೆ ಎರಡು ದಿನ ಬರುತ್ತಿದ್ದಾಳೆ. ಮೂರನೆಯ ದಿನಕ್ಕೆ ಅವರಮ್ಮ ಇನ್ನೂ ಒಪ್ಪಿಲ್ಲ. ನಾನೂ ಕೇಳುವುದನ್ನು ಬಿಟ್ಟಿಲ್ಲ.