ಬಿಚ್ಚಿ ಕಟ್ಟಿದ ಬೇಲೀಫ್ ಮನೆ

ಮನೆಯನ್ನ ನಾವು ಸ್ಥಿರಾಸ್ತಿ ಅಂತೀವಿ. ಕಾಗದಪತ್ರದಲ್ಲೂ ಹಾಗೇ ಬರೀತೀವಿ. ಆದ್ರೆ ಇವತ್ತಿನ ಮಾತು ಊರು ಬಿಟ್ಟು ಊರಿಗೆ ಹೋದ ಒಂದು ಮನೆಯ ಬಗ್ಗೆ.

ಇಂಗ್ಲೆಂಡಿನ ಕೆಂಟ್‌ನಲ್ಲಿ, ಚಿಡಿಂಗ್‌ಸ್ಟೋನ್ ಹತ್ತಿರ, ಬೇಲೀಫ್ ಅನ್ನೋ ರೈತರ ಮನೆ ಇತ್ತು. 15ನೇ ಶತಮಾನದ ಆರಂಭದಲ್ಲಿ ಓಕ್ ಮರದಲ್ಲಿ ಕಟ್ಟಿದ್ದು. 1960ರ ದಶಕದಲ್ಲಿ ಅಲ್ಲಿ ಬೌ ಬೀಚ್ ಜಲಾಶಯ ಬಂತು. ಮನೆಯನ್ನ ಒಡೆಯಲಿಲ್ಲ, 1968-69ರಲ್ಲಿ ಬಿಚ್ಚಿದರು. 1972ರಲ್ಲಿ ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಗ್ರಾಮದ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಎದ್ದು ನಿಂತಿತು.

ಬಿಚ್ಚೋಕೆ ಹೇಗೆ ಸಾಧ್ಯ ಅಂದ್ರೆ, ಅಲ್ಲಿ ಭಾರ ಹೊರೋದು ಗೋಡೆ ಅಲ್ಲ, ಮರದ ಚೌಕಟ್ಟು. ಒಂದು ಮರದಲ್ಲಿ ತೂತು ಕೊರೆದು, ಇನ್ನೊಂದರ ನಾಲಿಗೆ ಅದರೊಳಗೆ ಕೂರಿಸಿ, ಮರದ ಗೂಟ ಹೊಡೀತಾರೆ. ಓಕ್ ಒಣಗಿದ್ರೆ ಕಲ್ಲಿನಂತಾಗುತ್ತೆ, ಅದಕ್ಕೇ ಹಸಿ ಮರದಲ್ಲೇ ಕೆಲಸ. ಮಧ್ಯದ ಖಾಲಿ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತೋದು. ಇನ್ನೂ ಒಂದಿದೆ. ಆಗಿನ ಬಡಗಿಗಳು ಚೌಕಟ್ಟನ್ನ ಮೊದಲು ನೆಲದ ಮೇಲೆ ಜೋಡಿಸಿ, ಕೀಲುಗಳಿಗೆ ರೋಮನ್ ಅಂಕಿಯಂಥ ಗುರುತು ಕೊರೆದು, ಬಿಚ್ಚಿ, ಮನೆ ಏಳುವ ಜಾಗಕ್ಕೆ ಸಾಗಿಸ್ತಿದ್ದರು. ಅಂದ್ರೆ ಇಂಥ ಮನೆಗಳು ಹುಟ್ಟುವಾಗಲೇ ಒಂದು ಸಲ ಪ್ರಯಾಣ ಮಾಡಿರುತ್ತವೆ!

ಒಳಗೆ ಬನ್ನಿ. ನಡುವೆ ಒಂದು ದೊಡ್ಡ ಹಾಲ್, ಮೇಲೆ ಮಹಡಿ ಇಲ್ಲ, ತಲೆ ಎತ್ತಿದ್ರೆ ನೇರ ಮಾಡಿನ ಮರಗಳೇ ಕಾಣ್ತವೆ. ಎರಡೂ ತುದಿಗಳಿಗೆ ಮಾತ್ರ ಮಹಡಿ, ಅದೂ ಮುಂದಕ್ಕೆ ಚಾಚಿಕೊಂಡಿದೆ. ಎಲ್ಲದಕ್ಕೂ ಒಂದೇ ಮಾಡು. ಹಾಗಾಗಿ ಹೊರಗಿಂದ ನೋಡಿದ್ರೆ ನಡುಮನೆ ಒಳಕ್ಕೆ ಸರಿದಂತೆ ಕಾಣುತ್ತೆ. ಒಂದು ತುದಿಯ ಕೋಣೆಗಳು ಬಟರಿ, ಪ್ಯಾಂಟ್ರಿ. ಬಟರಿಗೂ ಬೆಣ್ಣೆಗೂ ಸಂಬಂಧ ಇಲ್ಲ, ಅದು ಪಾನೀಯದ ಪೀಪಾಯಿ ಇಡುವ ಜಾಗ. ಇನ್ನೊಂದು ತುದಿ ಯಜಮಾನರದ್ದು, 16ನೇ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಕಿಟಕಿಗೆ ಗಾಜಿಲ್ಲ, ಮರದ ಸರಳು ಮತ್ತು ಬಾಗಿಲು ಅಷ್ಟೇ. ಚಿಮಣಿಯೂ ಇಲ್ಲ. ಹಾಲ್ ನೆಲದ ಮೇಲೇ ಬೆಂಕಿ. ಹೊಗೆ ಮೇಲಕ್ಕೇರಿ ಮಾಡಿನ ಸಂದಿಯಲ್ಲಿ ಹೋಗಬೇಕು. ಇಂಥ ಹಳೇ ಮನೆಗಳ ಮಾಡಿನ ಮರಗಳಿಗೆ ಮಸಿ ಹಿಡಿದಿರುತ್ತೆ. ಇಲ್ಲಿ ಒಂದು ಕಾಲದಲ್ಲಿ ಹಾಲ್ ತೆರೆದೇ ಇತ್ತು ಅಂತ ತಜ್ಞರಿಗೆ ಸುಳಿವು ಕೊಡೋದು ಆ ಮಸಿ.

ನನಗೆ ಸ್ವಲ್ಪ ತಕರಾರಿರೋದು ಇಲ್ಲೇ. ಮುಂದಿನ ತಲೆಮಾರಿನವರು ಹಾಲ್‌ಗೆ ಮಹಡಿ ಹಾಕಿಸಿ ಚಿಮಣಿ ಕಟ್ಟಿಸಿಕೊಂಡಿದ್ದರು. ಮ್ಯೂಸಿಯಂನವರು ಮತ್ತೆ ಕಟ್ಟುವಾಗ ಅದನ್ನೆಲ್ಲ ಕೈಬಿಟ್ಟು, ಕಳೆದುಹೋದ ಭಾಗಗಳಿಗೆ ಹೊಸ ಓಕ್ ಹಾಕಿ, ಮನೆಯನ್ನ ಹಳೇ ರೂಪಕ್ಕೆ ತಂದರು. ಈಗ ಒಳಗಿನ ಸಾಮಾನು ಸುಮಾರು 1540ರದ್ದರಂತೆ ಇದೆ. ಹಾಗೆ ಮಾಡದಿದ್ರೆ ತೆರೆದ ಹಾಲ್ ಎಂಥದ್ದು ಅಂತ ನಮಗೆ ಕಾಣ್ತಿರಲಿಲ್ಲ, ಒಪ್ತೀನಿ. ಆದ್ರೆ ಕಣ್ಣುರಿ ತಡೀಲಾರದೆ ಚಿಮಣಿ ಕಟ್ಟಿಸಿದವರೂ ಇದೇ ಮನೆಯವರಲ್ವಾ? ಅವರಿಗೆ ಅದು ಎಷ್ಟು ದೊಡ್ಡ ಸುಖ ಆಗಿತ್ತೋ! ಕಳೆದುಹೋಗಿದ್ದು ಅವರ ಮನೆ, ನೀರಿಂದಲ್ಲ, ನಮ್ಮ ಆಯ್ಕೆಯಿಂದ.

ನೀವಾಗಿದ್ರೆ ಯಾವ ವರ್ಷದ ಮನೆ ಕಟ್ಟುತ್ತಿದ್ರಿ, ಬರೆದು ಕಳಿಸಿ. ಮುಂದಿನ ಕಂತಲ್ಲಿ ಸಿಗೋಣ.